ನಿಂತ ಗಾಡಿಯನ್ನು ದಾಟುವಾಗ
(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಮೆರಿಕದ ಬಗ್ಗೆ ಏನಾದರೂ ಹೇಳಿ ಎಂದು ಸಮಿತಿಯವರು ಕೇಳಿದರು. ಅಲ್ಲಿನ ಕಟ್ಟಡ, ಹಿಮ, ಸಂಬಳ ಎಲ್ಲವೂ ನಿಮಗೆ ಮೊಬೈಲಿನಲ್ಲೇ ಸಿಗುತ್ತವೆ. ನಾನು ಇಲಿನಾಯ್ ರಾಜ್ಯದಲ್ಲಿ ರಸ್ತೆ ನಿರ್ವಹಣೆಯ ಎಂಜಿನಿಯರ್. ನನ್ನ ಜೊತೆಗಾರರು ದಿನವಿಡೀ ಹೆದ್ದಾರಿಯ ಅಂಚಿನಲ್ಲಿ ನಿಂತು ಕೆಲಸ ಮಾಡುತ್ತಾರೆ. ಅವರನ್ನು ಕಾಯಲೆಂದು ಇರುವ ಒಂದು ಕಾನೂನಿನ ಬಗ್ಗೆ ಮಾತ್ರ ಹೇಳುತ್ತೇನೆ. ಅದನ್ನು ‘ಮೂವ್ ಓವರ್’ ಕಾನೂನು ಎನ್ನುತ್ತಾರೆ. ನಮ್ಮ ಆಡುಮಾತಿನಲ್ಲಿ ‘ಒಸಿ ಆ ಕಡೆ ಸರಿಯಪ್ಪ’ ಅಂದಂತೆ.

ನಿಯಮ ಬಹಳ ಸರಳ. ರಸ್ತೆಯ ಅಂಚಿನಲ್ಲಿ ಆಂಬುಲೆನ್ಸ್, ಅಗ್ನಿಶಾಮಕ ವಾಹನ, ಪೊಲೀಸ್ ಕಾರು, ಕೆಟ್ಟ ಗಾಡಿ ಎಳೆಯುವ ಟೋ ಟ್ರಕ್ಕು ಅಥವಾ ರಸ್ತೆ ಕೆಲಸದ ಗಾಡಿ ದೀಪ ಮಿನುಗಿಸುತ್ತಾ ನಿಂತಿದ್ದರೆ, ಹಿಂದಿನಿಂದ ಬರುವವನು ಅದರ ಪಕ್ಕದ ಪಥವನ್ನು ಖಾಲಿ ಬಿಟ್ಟು ಆಚೆಯ ಪಥಕ್ಕೆ ಹೋಗಬೇಕು. ಹೋಗಲು ಜಾಗವಿಲ್ಲದಿದ್ದರೆ ವೇಗ ಇಳಿಸಬೇಕು. ಇಷ್ಟೇ. ಆದರೆ ಈ ಇಷ್ಟಕ್ಕೆ ಬಹಳ ಜನ ಪ್ರಾಣ ಕೊಡಬೇಕಾಯಿತು.

1994ರ ಜನವರಿಯಲ್ಲಿ ದಕ್ಷಿಣ ಕ್ಯಾರೊಲಿನಾ ರಾಜ್ಯದಲ್ಲಿ ಜೇಮ್ಸ್ ಗಾರ್ಸಿಯಾ ಎಂಬ ಆಂಬುಲೆನ್ಸ್ ಸಿಬ್ಬಂದಿ ಅಪಘಾತವಾದ ಜಾಗದಲ್ಲಿ ಕೆಲಸ ಮಾಡುತ್ತಿದ್ದಾಗ ವಾಹನವೊಂದು ಅವರಿಗೇ ಬಡಿಯಿತು. ಪುಣ್ಯಕ್ಕೆ ಬದುಕಿಕೊಂಡರು. ಆದರೆ ಪೊಲೀಸರ ಮೊದಲ ವರದಿ ತಪ್ಪು ಗಾರ್ಸಿಯಾ ಅವರದ್ದೇ ಎಂದಿತು! ರಸ್ತೆಯಲ್ಲಿ ನಿಂತಿದ್ದು ಇವರೇ ತಾನೆ ಎಂಬ ಲೆಕ್ಕ. ಬೇರೆಯವರ ಜೀವ ಉಳಿಸಲು ನಿಂತವನನ್ನು ಕಾಯುವ ಒಂದು ಸಾಲೂ ಕಾನೂನಿನಲ್ಲಿ ಇಲ್ಲವೆಂದು ಅವರಿಗೆ ಆಗ ತಿಳಿಯಿತು. ಅವರು ಸುಮ್ಮನೆ ಕೂರಲಿಲ್ಲ. 1996ರಲ್ಲಿ ಆ ರಾಜ್ಯ ಇಂಥ ಕಾನೂನು ತಂದಿತು. ಉಳಿದ ರಾಜ್ಯಗಳು ಒಂದೊಂದಾಗಿ ಹಿಂದೆ ಬಂದವು. ಕೊನೆಯದಾಗಿ ಹವಾಯಿ, 2012ರಲ್ಲಿ. ಐವತ್ತು ರಾಜ್ಯಗಳಿಗೆ ಹದಿನಾರು ವರ್ಷ ಹಿಡಿಯಿತು.

ನಾನಿರುವ ಇಲಿನಾಯ್‌ನಲ್ಲಿ ಇದಕ್ಕೆ ‘ಸ್ಕಾಟ್ಸ್ ಲಾ’ ಎನ್ನುತ್ತಾರೆ. ಸ್ಕಾಟ್ ಗಿಲೆನ್ ಶಿಕಾಗೊ ಅಗ್ನಿಶಾಮಕ ದಳದ ಲೆಫ್ಟಿನೆಂಟ್. 2000ನೇ ಇಸವಿಯ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ, ಎಕ್ಸ್‌ಪ್ರೆಸ್‌ವೇಯೊಂದರಲ್ಲಿ ಅಪಘಾತವೊಂದರ ಕೆಲಸದಲ್ಲಿದ್ದಾಗ ಕುಡಿದು ಓಡಿಸುತ್ತಿದ್ದವನ ಕಾರು ಅವರನ್ನು ಕೊಂದಿತು. ಕಾನೂನಿಗೆ ಅವರ ಹೆಸರೇ ಉಳಿಯಿತು. ಅದಾದ ಮೇಲೂ, 2019ರ ಜನವರಿಯಲ್ಲಿ, ಕ್ರಿಸ್ಟೊಫರ್ ಲ್ಯಾಂಬರ್ಟ್ ಎಂಬ ರಾಜ್ಯ ಪೊಲೀಸ್ ಕೆಲಸ ಮುಗಿಸಿ ಮನೆಗೆ ಹೊರಟವರು, ದಾರಿಯಲ್ಲಿ ಅಪಘಾತ ಕಂಡು ನೆರವಿಗೆ ನಿಂತು, ವಾಹನ ಬಡಿದು ಸತ್ತರು. ಮಾರ್ಚ್‌ನಲ್ಲಿ ಬ್ರುಕ್ ಜೋನ್ಸ್-ಸ್ಟೋರಿ ಎಂಬ ಮಹಿಳಾ ಪೊಲೀಸ್, ಲಾರಿಯೊಂದನ್ನು ತಪಾಸಣೆ ಮಾಡುತ್ತಿದ್ದಾಗ. ಆಮೇಲೆ ದಂಡ ಏರಿತು. ಈಗ ಮೊದಲ ಸಲಕ್ಕೆ ಕನಿಷ್ಠ 250 ಡಾಲರ್, ಮತ್ತೆ ಸಿಕ್ಕಿಬಿದ್ದರೆ 750, ಗರಿಷ್ಠ 10,000. ಯಾರಾದರೂ ಸತ್ತರೆ ಲೈಸೆನ್ಸ್ ಎರಡು ವರ್ಷ ಅಮಾನತು.

ದಂಡದ ಮಾತು ಸಾಕು. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಒಂದು ಲೆಕ್ಕ ಹೇಳುತ್ತೇನೆ. ಅಲ್ಲಿನ ದೊಡ್ಡ ಹೆದ್ದಾರಿಯಲ್ಲಿ ವೇಗದ ಮಿತಿ ಗಂಟೆಗೆ 70 ಮೈಲಿ, ಎಂದರೆ ಸುಮಾರು 112 ಕಿಲೋಮೀಟರ್. ಸೆಕೆಂಡಿಗೆ 31 ಮೀಟರ್ ಆಯಿತು. ಗಂಡಸರ ಕಬಡ್ಡಿ ಅಂಕಣದ ಉದ್ದ 13 ಮೀಟರ್. ನೀವು ಒಂದು ಸಲ ಕಣ್ಣು ಉಜ್ಜಿಕೊಳ್ಳುವಷ್ಟರಲ್ಲಿ ಕಾರು ಎರಡು ಅಂಕಣ ದಾಟಿ ಮೂರನೆಯದರಲ್ಲಿ ಇರುತ್ತದೆ. ಬ್ರೇಕ್ ಇನ್ನೂ ಒತ್ತಿಯೇ ಇಲ್ಲ! ಪಥದ ಅಗಲವೋ ಬರೀ 12 ಅಡಿ. ಪಂಕ್ಚರ್ ಆದ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕುಳಿತವನ ಬೆನ್ನಿಗೂ ಆ ಕಾರಿಗೂ ನಡುವೆ ಕೆಲವೊಮ್ಮೆ ಒಂದು ಮಾರೂ ಇರುವುದಿಲ್ಲ. ಈಗ ವೇಗವನ್ನು 70ರಿಂದ 50 ಮೈಲಿಗೆ ಇಳಿಸಿ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆಂದು ನಿಮ್ಮ ಪಾಠದಲ್ಲೇ ಇದೆ. 49ಕ್ಕೆ 25. ಇಳಿಸಿದ್ದು ಇಪ್ಪತ್ತೇ ಮೈಲಿ, ಗುದ್ದುವ ಶಕ್ತಿ ಅರ್ಧದಷ್ಟಾಯಿತು.

ಫ್ಲಾರಿಡಾ, ಟೆಕ್ಸಾಸ್ ರಾಜ್ಯಗಳ ಕಾನೂನು ಇದೇ ಇಪ್ಪತ್ತನ್ನು ಬರೆದಿಟ್ಟಿದೆ: ಸರಿಯಲಾಗದಿದ್ದರೆ ಮಿತಿಗಿಂತ 20 ಮೈಲಿ ಕಡಿಮೆ ಮಾಡು. ಇನ್ನು ಕೆಲವು ಕಡೆ ‘ಸುರಕ್ಷಿತ ವೇಗ’ ಎಂದಷ್ಟೇ ಇದೆ. ನನಗೆ ಅಂಕಿ ಇರುವುದೇ ಸರಿ ಎನ್ನಿಸುತ್ತದೆ. ಯಾವ ಚಾಲಕ ತಾನೇ ತನ್ನ ವೇಗ ಸುರಕ್ಷಿತವಲ್ಲ ಎಂದುಕೊಂಡಾನು? ಜಾರಿಗೆ ತರುವುದೂ ಕಷ್ಟವೇ. ಒಬ್ಬನನ್ನು ನಿಲ್ಲಿಸಿ ಚೀಟಿ ಬರೆಯುತ್ತಿರುವ ಪೊಲೀಸ್, ಪಕ್ಕದಲ್ಲಿ ಸೊಯ್ಯನೆ ಹೋದವನ ಹಿಂದೆ ಓಡುವುದು ಹೇಗೆ?

ಕಾನೂನು ಬೆಳೆಯುತ್ತಾ ಬಂದ ರೀತಿ ನನಗೆ ಇಷ್ಟ. ಮೊದಲು ಪೊಲೀಸ್, ಆಂಬುಲೆನ್ಸ್, ಬೆಂಕಿ ಆರಿಸುವವರು. ಆಮೇಲೆ ಟೋ ಟ್ರಕ್ಕಿನವರು, ರಸ್ತೆ ಕೆಲಸದವರು, ಕೆಲವೆಡೆ ಕಸದ ಗಾಡಿಯವರು. ಸಮವಸ್ತ್ರ ಇದ್ದವರ ಜೀವದಿಂದ ಶುರುವಾಗಿ ಇಲ್ಲದವರ ಜೀವಕ್ಕೆ ಬಂತು. ಈಗ ಇಲಿನಾಯ್‌ನಲ್ಲಿ, 2024ರಿಂದ ಫ್ಲಾರಿಡಾದಲ್ಲಿ, ಕೆಟ್ಟು ನಿಂತು ನಾಲ್ಕೂ ದೀಪ ಮಿನುಗಿಸುತ್ತಿರುವ ಯಾವ ಸಾಮಾನ್ಯ ಕಾರಿಗೂ ಇದೇ ಮರ್ಯಾದೆ.

ಶಾಲೆಯ ಹಳದಿ ಬಸ್ಸಿನ ನಿಯಮ ಇನ್ನೂ ಬಿಗಿ. ಮಕ್ಕಳನ್ನು ಹತ್ತಿಸಲು ಇಳಿಸಲು ಬಸ್ಸು ಕೆಂಪು ದೀಪ ಹಾಕಿ ನಿಂತರೆ ಹಿಂದಿನವರು ದಾಟುವ ಹಾಗೇ ಇಲ್ಲ, ನಿಲ್ಲಬೇಕು. ಮಧ್ಯೆ ವಿಭಜಕವಿಲ್ಲದ ಎರಡು ಪಥದ ರಸ್ತೆಯಾದರೆ ಎದುರಿನಿಂದ ಬರುವವರೂ ನಿಲ್ಲಬೇಕು. (ಮಕ್ಕಳು ಇಲ್ಲಿ ಚಪ್ಪಾಳೆ ತಟ್ಟಿದರು.)

ನಮ್ಮಲ್ಲಿ? 2019ರ ತಿದ್ದುಪಡಿಯಲ್ಲಿ 194ಇ ಕಲಂ ಬಂದಿದೆ. ಆಂಬುಲೆನ್ಸಿಗೆ, ಅಗ್ನಿಶಾಮಕ ವಾಹನಕ್ಕೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ಒಳ್ಳೆಯದೇ. ಆದರೆ ಆ ಕಲಂ ಹೇಳುವುದು ಬರುತ್ತಿರುವ ಗಾಡಿಯ ವಿಷಯ. ಆಂಬುಲೆನ್ಸ್ ಬಂದು ನಿಂತು, ಸ್ಟ್ರೆಚರ್ ಹಿಡಿದ ಹುಡುಗ ರಸ್ತೆಗೆ ಇಳಿದ ಮೇಲಿನದ್ದು ಬೇರೆ ಮಾತು. ಕೆಟ್ಟ ಲಾರಿಯ ಹಿಂದೆ ನಮ್ಮವರು ಹೊಂಗೆ ಕೊಂಬೆ ಕಟ್ಟಿ, ನಾಲ್ಕು ಕಲ್ಲು ಇಟ್ಟು ಎಚ್ಚರ ಹೇಳುತ್ತಾರೆ. ಬುದ್ಧಿವಂತಿಕೆಯೇ, ಆದರೆ ಲಾರಿ ಹೋದ ಮೇಲೆ ಕಲ್ಲು ಅಲ್ಲೇ ಇರುತ್ತದೆ. ರಾತ್ರಿ ಬೈಕಿನಲ್ಲಿ ಬರುವವನ ಪಾಡು ನಿಮಗೆ ಗೊತ್ತು.

ನಮ್ಮ ಈ ಶಾಲೆಯಲ್ಲಿ ಓದಿದವರಲ್ಲಿ ಲೈನ್‌ಮನ್ ಆದವರಿದ್ದಾರೆ, 108ರಲ್ಲಿ ಇದ್ದಾರೆ, ರಸ್ತೆಗೆ ಡಾಂಬರು ಹಾಕುವವರಿದ್ದಾರೆ. ಕೆಲವರು ಈಗ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಊಟದ ಹೊತ್ತಿನಲ್ಲಿ ಮಕ್ಕಳು ಅವರ ಹತ್ತಿರ ಹೋಗಿ, ಕೆಲಸ ಮಾಡುವಾಗ ಎಷ್ಟು ಹತ್ತಿರದಲ್ಲಿ ಗಾಡಿಗಳು ಹೋಗುತ್ತವೆ ಎಂದು ಕೇಳಿ. ನನಗಿಂತ ಚೆನ್ನಾಗಿ ಹೇಳುತ್ತಾರೆ.