ಅಣ್ಣ ಅಂದ್ರೆ ಮುಗೀತು, ಒಪ್ಪಾ ಅಂದ್ರೆ ಶುರು

ಇವತ್ತು ರಾಜಕೀಯ ಬೇಡ, ಒಂದು ಹಾಡಿನ ಮಾತಾಡೋಣ.

2010ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ‘ಗರ್ಲ್ಸ್ ಜನರೇಷನ್’ ತಂಡದ ‘ಓ!’ ಹಾಡು ಬಂತು. 9 ಹುಡುಗಿಯರು, ಚಿಯರ್‌ಲೀಡರ್ ವೇಷ, ಕುಣಿತ. ವಿಷಯ ಇಷ್ಟೇ: ಹುಡುಗಿಗೆ ಒಬ್ಬ ಇಷ್ಟ ಆಗಿದ್ದಾನೆ. ಅದನ್ನ ಅವಳೇ ಹೇಳ್ತಾಳೆ. ಕರೆಯೋದು ‘ಒಪ್ಪಾ’ ಅಂತ.

ಒಪ್ಪಾ ಅಂದ್ರೆ ಅಲ್ಲಿ ಹುಡುಗಿ ತನ್ನ ಅಣ್ಣನನ್ನು ಕರೆಯೋ ಪದ. ತನಗಿಂತ ದೊಡ್ಡವನಾದ ಪ್ರಿಯಕರನಿಗೂ ಅದೇ ಪದ! ನಮ್ಮಲ್ಲಿ ‘ಅಣ್ಣಾ’ ಅಂದ್ರೆ ಕಥೆ ಅಲ್ಲಿಗೇ ಮುಗೀತು. ರಾಖಿ ಹಬ್ಬದ ದಿನ ನಮ್ಮ ಇಂಜಿನಿಯರಿಂಗ್ ಕ್ಲಾಸಿನ ಹಿಂದಿನ ಬೆಂಚುಗಳು ಸುಮ್ಮನೆ ಖಾಲಿ ಇರ್ತಿರಲಿಲ್ಲ.

ಮನಸ್ಸಿನ ಮಾತು ಹೇಳೋದಕ್ಕೆ ಕೊರಿಯನ್ನರು ‘ಗೊಬೆಕ್’ ಅಂತಾರೆ. ಒಪ್ಪಿಗೆ ಸಿಕ್ಕಿದ್ದು ಮೊದಲನೇ ದಿನ. ಅಲ್ಲಿಂದ ಎಣಿಸಿ 100ನೇ ದಿನವನ್ನ ಜೋಡಿಗಳು ಸಂಭ್ರಮಿಸ್ತಾರೆ. ಹೇಳದಿದ್ರೆ ಲೆಕ್ಕವೇ ಶುರುವಾಗಲ್ಲ.

ನಾನು ಹೇಳಲಿಲ್ಲ. 4 ವರ್ಷ ಒಂದೇ ಲ್ಯಾಬಿನಲ್ಲಿದ್ದೆವು. ಈಗ ದಿನಾ ರಾತ್ರಿ ಮಂತ್ರಿಗಳನ್ನೇ ಜೋರಾಗಿ ಪ್ರಶ್ನಿಸೋ ನನಗೆ, ಅವತ್ತು ಒಂದು ವಾಕ್ಯ ಬಾಯಿಂದ ಹೊರಡಲಿಲ್ಲ. ‘ಇಲ್ಲ’ ಅಂದುಬಿಟ್ರೆ?

ಆ ಭಯಕ್ಕೆ ನಮ್ಮ ಎಷ್ಟೋ ಸಿನಿಮಾಗಳು ಕೊಟ್ಟ ಮದ್ದು, ಒಪ್ಪೋವರೆಗೆ ಹುಡುಗಿಯ ಬೆನ್ನು ಬೀಳೋದು. ಅದು ಪ್ರೀತಿ ಅಲ್ಲ, ಕಾಟ. ಮನೆಯಲ್ಲಿ ಮಕ್ಕಳು ಈ ಹಾಡು ಹಾಕಿದ್ರೆ ಬೈಬೇಡಿ. ಜೊತೆಗೆ ಕೂತು ಒಂದು ಮಾತು ಹೇಳಿ: ಇಷ್ಟ ಇದ್ರೆ ಒಂದು ಸಲ, ಮರ್ಯಾದೆಯಿಂದ ಹೇಳು. ಅವರು ‘ಇಲ್ಲ’ ಅಂದ್ರೆ ‘ಸರಿ’ ಅಂದು ಬಸ್ ಹತ್ತಿ ಮನೆಗೆ ಬಾ. ಊಟಕ್ಕೆ ನಾವು ಕಾಯ್ತಿರ್ತೀವಿ.