ಕರೆಯುವ ಹೆಸರು, ಬರೆಯುವ ಹೆಸರು

ಈ ಹೊತ್ತಿನ ನಮ್ಮ ವಿಷಯ ಮೇಲುನೋಟಕ್ಕೆ ಅಲ್ಪವಾದದ್ದು. ವಯಸ್ಸಿಗೆ ಬಂದ ಒಬ್ಬನು ತನ್ನ ಹೆಸರನ್ನು ಕಾಯಿದೆಯ ಮೇರೆಗೆ ಬದಲಾಯಿಸಿಕೊಳ್ಳಬೇಕೆಂದು ಮನಸ್ಸು ಮಾಡಿದ್ದಾನೆ. ಛಾಪಾ ಕಾಗದ ಮುಂದಿದೆ, ಲೇಖನಿ ಕೈಯಲ್ಲಿದೆ. ಅದರ ಮೇಲೆ ಆತನು ಬರೆಯಬೇಕಾದ ಹೆಸರು ಯಾವುದು? ಸಭೆಯಲ್ಲಿ ಗಂಭೀರವಾಗಿ ಕೇಳಿಸುವ ತುಂಬು ಹೆಸರೆ, ಅಥವಾ ಮನೆಯವರೂ ಗೆಳೆಯರೂ ಇಷ್ಟು ಕಾಲ ಕರೆದುಕೊಂಡು ಬಂದ ಸಲಿಗೆಯ ಹೆಸರೆ? ಇದು ಅವರವರ ಅಭಿರುಚಿಗೆ ಬಿಟ್ಟ ಸಂಗತಿ ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಹೆಸರು ನಮ್ಮದಾದರೂ ಅದನ್ನು ಬಳಸತಕ್ಕವರು ಇತರರು. ಆದಕಾರಣ ಯಾವ ಹೆಸರು ಚೆನ್ನ ಎಂದು ಕೇಳುವುದಕ್ಕೆ ಮೊದಲು, ಯಾವ ಹೆಸರಿನಿಂದ ನಮ್ಮನ್ನು ಕರೆಯುವ ಅಧಿಕಾರವನ್ನು ಯಾರಿಗೆ ಕೊಡುತ್ತಿದ್ದೇವೆ ಎಂದು ಕೇಳಿಕೊಳ್ಳುವುದು ಯುಕ್ತವೆಂದು ನಮಗೆ ತೋರುತ್ತದೆ.

ಈ ವಿಚಾರಕ್ಕೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಯಷ್ಟು ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ. ಅಲ್ಲಿಯ ಮಾತಿನಲ್ಲಿಯೇ ಮೊದಲನೆಯ ಪಾಠವಿದೆ. ಮೈಸೂರಿನ ಕಡೆ ಅಡ್ಡಹೆಸರೆಂದರೆ ತಮಾಷೆಗೋ ಸಲಿಗೆಗೋ ಇಟ್ಟ ಹೆಸರು. ಬಾಗಲಕೋಟೆಯ ಕಡೆ ‘ನಿಮ್ಮ ಅಡ್ಡಹೆಸರೇನ್ರಿ?’ ಎಂದು ಕೇಳಿದರೆ ಮನೆತನದ ಹೆಸರನ್ನು ಹೇಳುತ್ತಾರೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಅಂಗಡಿ, ಹೀಗೆ. ಹೊಸಬರಿಗೆ ನಗೆ ಬರಬಹುದು. ಆದರೆ ಎಂದೋ ಒಬ್ಬ ಪೂರ್ವಿಕನ ವ್ಯಾಪಾರವನ್ನೋ ಕಸುಬನ್ನೋ ಹಿಡಿದು ಊರವರು ಕರೆದದ್ದು ಕಾಲಕ್ರಮದಲ್ಲಿ ಪಹಣಿಗೆ ಏರಿತು, ಶಾಲೆಯ ದಾಖಲೆಗೆ ಏರಿತು. ಇಂದು ವಕೀಲರ ಮತ್ತು ವೈದ್ಯರ ಬಾಗಿಲ ಫಲಕದ ಮೇಲೆ ಅದೇ ಹೆಸರು ಗೌರವದಿಂದ ಕುಳಿತಿದೆ. ಸಲಿಗೆಯ ಹೆಸರಿಗೂ ಶಿಷ್ಟ ಹೆಸರಿಗೂ ಶಬ್ದದಲ್ಲಿ ಭೇದವಿಲ್ಲ, ಬಳಕೆಯಲ್ಲಿ ಭೇದವಿದೆ ಎಂಬುದು ಇದರಿಂದ ಸ್ಪಷ್ಟ.

ಸಲಿಗೆಯ ಹೆಸರು ಹುಟ್ಟುವ ಬಗೆಯನ್ನು ನೋಡೋಣ. ಮಗುವಿಗೆ ಅಜ್ಜನ ಅಥವಾ ಅಜ್ಜಿಯ ಹೆಸರಿಡುವುದು ಈ ಸೀಮೆಯ ವಾಡಿಕೆ. ಹಾಗಿಟ್ಟಮೇಲೆ ಒಂದು ತೊಡಕು ಏಳುತ್ತದೆ. ಸೊಸೆಯಾದವಳು ಅತ್ತೆ ಮಾವಂದಿರ ಹೆಸರನ್ನು ನಾಲಗೆಯ ಮೇಲೆ ತರುವಂತಿಲ್ಲ. ತಾಯಿಯ ಹೆಸರು ಹಿಡಿದು ಮಗುವನ್ನು ಗದರಿಸುವುದು ಮಗನಿಗೂ ಹಿತವಲ್ಲ. ಆಗ ತೊಟ್ಟಿಲಿನ ಗುರುಸಿದ್ಧಪ್ಪನು ಅಪ್ಪು ಆಗುತ್ತಾನೆ, ನೀಲಗಂಗವ್ವ ತಂಗೆವ್ವ ಆಗುತ್ತಾಳೆ. ಇಲ್ಲಿ ಸಲಿಗೆಯ ಹೆಸರು ಹುಟ್ಟಿದ್ದು ಹಗುರುತನದಿಂದಲ್ಲ, ಹಿರಿಯರ ಮೇಲಣ ಮರ್ಯಾದೆಯಿಂದ. ಇನ್ನು ಕೆಲವು ಹೆಸರುಗಳು ಭಯದಿಂದ ಹುಟ್ಟಿದವು. ಮಕ್ಕಳು ಉಳಿಯದ ಮನೆಯಲ್ಲಿ, ಮೃತ್ಯುವಿಗೆ ಬೇಡವಾಗಲೆಂದು, ತಿಪ್ಪಣ್ಣ, ಗುಂಡಪ್ಪ, ಹುಚ್ಚಪ್ಪ ಎಂದು ಕರೆದರು. ಕಾಲೇಜಿನ ಹಾಜರಿಯಲ್ಲಿ ಆ ಹೆಸರು ಕೂಗಿದಾಗ ತಲೆತಗ್ಗಿಸುವ ತರುಣನಿಗೆ, ಆ ಒಂದು ಶಬ್ದದ ಹಿಂದೆ ಎಷ್ಟು ತೊಟ್ಟಿಲುಗಳ ದುಃಖವಿದೆಯೆಂದು ಹೇಳಿದವರು ಕಡಮೆ.

ಮೂರನೆಯ ಬಗೆಯೊಂದುಂಟು, ಅದನ್ನು ಮರೆಮಾಚುವುದು ನ್ಯಾಯವಲ್ಲ. ಉತ್ತರದ ಮಾತಿನಲ್ಲಿ ಬಸಪ್ಪನು ಬಸ್ಯಾ ಆಗುತ್ತಾನೆ, ಯಲ್ಲಪ್ಪನು ಯಲ್ಲ್ಯಾ ಆಗುತ್ತಾನೆ. ಜೊತೆಯಲ್ಲಿ ಆಡಿದ ಗೆಳೆಯನ ಬಾಯಲ್ಲಿ ಇದರಷ್ಟು ಸವಿಯಾದ ಮಾತಿಲ್ಲ. ಅದೇ ಮಾತಿನಿಂದ ಸಿರಿವಂತರ ಮನೆಯ ಹುಡುಗನೊಬ್ಬನು ಕೂಲಿಯ ಮುದುಕನನ್ನು ಕೂಗಿದರೆ, ಅದು ಜಾತಿಯ ಮೆಟ್ಟಿಲನ್ನು ನೆನಪಿಸುವ ಕೂಗು. ಅಕ್ಷರ ಒಂದೇ, ಕರೆದವನು ಬೇರೆ. ಕರೆಯುವವನ ಅಧಿಕಾರವೇ ಇಲ್ಲಿ ಮುಖ್ಯವೆಂದು ನಾವು ಮೊದಲಲ್ಲಿ ಹೇಳಿದ್ದು ಇದಕ್ಕಾಗಿ.

ಇಂಥ ಆಯ್ಕೆ ಹೊಸ ಕಾಲದ್ದೇನೂ ಅಲ್ಲ. ಈ ಸೀಮೆಯ ಬಂಡೆಗಳೇ ಅದಕ್ಕೆ ಸಾಕ್ಷಿ ನುಡಿಯುತ್ತವೆ. ಬಾದಾಮಿಯ ಬಂಡೆಯ ಮೇಲಿರುವ ಕ್ರಿ.ಶ. 543ರ ಶಾಸನವು ಕೋಟೆಯನ್ನು ಕಟ್ಟಿಸಿದ ದೊರೆಯನ್ನು ಚಲಿಕ್ಯ ವಲ್ಲಭೇಶ್ವರನೆಂದು ಕರೆಯುತ್ತದೆ. ಆತನೇ ಒಂದನೆಯ ಪುಲಕೇಶಿಯೆಂಬುದನ್ನು ನಾವು ಬೇರೆ ಶಾಸನಗಳಿಂದ ತಿಳಿಯಬೇಕು. ಆತನ ಮೊಮ್ಮಗ ಇಮ್ಮಡಿ ಪುಲಕೇಶಿಗೆ ಮೊದಲು ಎರೆಯನೆಂಬ ಹೆಸರಿತ್ತೆಂದೂ, ಪಟ್ಟಕ್ಕೆ ಬಂದಾಗ ಅಜ್ಜನ ಹೆಸರನ್ನು ತಾಳಿದನೆಂದೂ ಪೆದ್ದವಡುಗೂರಿನ ಶಾಸನದ ಆಧಾರದಿಂದ ಇತಿಹಾಸಜ್ಞರು ಹೇಳುತ್ತಾರೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿಯಲ್ಲಿ, 634ರಲ್ಲಿ ರವಿಕೀರ್ತಿ ಬರೆದ ಪ್ರಶಸ್ತಿಯಲ್ಲಿ ಪುಲಕೇಶಿ, ಸತ್ಯಾಶ್ರಯ ಎಂಬ ರಾಜೋಚಿತ ಹೆಸರುಗಳೇ ಮೆರೆಯುತ್ತವೆ. ರಾಜ್ಯವನ್ನು ಆಳತಕ್ಕವನನ್ನು ಕಾಣದ ಜನರೂ ಕರೆಯಬೇಕು; ಅದಕ್ಕೆ ಪಟ್ಟದ ಹೆಸರು ಬೇಕಾಯಿತು. ಅದೇ ಬಾದಾಮಿಯ ಇನ್ನೊಂದು ಬಂಡೆಯ ಮೇಲೆ, ಸುಮಾರು 700ರ ಕಾಲದ ಶಾಸನದಲ್ಲಿ, ಒಬ್ಬ ವೀರನಿಗೆ ಹಲವು ಹೊಗಳಿಕೆಯ ಬಿರುದುಗಳು ಸಲ್ಲಿವೆ. ಆ ಬಿರುದುಗಳು ಇಂದು ವಿದ್ವಾಂಸರ ಪುಸ್ತಕದಲ್ಲಿವೆ. ಜನರ ಬಾಯಲ್ಲಿ ಉಳಿದದ್ದು ಕಪ್ಪೆ ಅರಭಟ್ಟನೆಂಬ ಹೆಸರೊಂದೇ.

ದೇವಾಲಯಗಳ ಕಥೆಯೂ ಹೀಗೆಯೇ. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ. ನಾವು ಅದನ್ನು ವಿರೂಪಾಕ್ಷನ ಗುಡಿಯೆನ್ನುತ್ತೇವೆ. ಐಹೊಳೆಯ ಗುಡಿಯೊಂದಕ್ಕೆ ಅಲ್ಲಿ ವಾಸವಾಗಿದ್ದ ಲಾಡಖಾನನ ಹೆಸರು ನಿಂತಿದೆ. ದುರ್ಗದ ಬಳಿಯಿದ್ದ ಇನ್ನೊಂದು ಗುಡಿಗೆ ದುರ್ಗ ಗುಡಿಯೆಂದು ಹೆಸರಾಗಿ, ಪ್ರವಾಸಿಗಳು ಅಲ್ಲಿ ದುರ್ಗಾದೇವಿಯನ್ನು ಹುಡುಕುತ್ತಾರೆ. ವಾತಾಪಿ ಬಾದಾಮಿಯಾಯಿತು. ಕರೆಯುವ ಹೆಸರು ಬರೆದ ಹೆಸರನ್ನು ಸೋಲಿಸಿದ ದೃಷ್ಟಾಂತಗಳು ಇವು. ಹಾಗೆಂದು ಯಾವಾಗಲೂ ಒಂದು ಸೋಲಬೇಕೆಂಬ ನಿಯಮವಿಲ್ಲ. ಕೂಡಲಸಂಗಮದಲ್ಲಿ ಐಕ್ಯರಾದ ಮಹಾಪುರುಷರನ್ನು ಸಂಸ್ಥೆಯ ಫಲಕವು ಬಸವೇಶ್ವರರೆನ್ನುತ್ತದೆ, ಜನ ಬಸವಣ್ಣ ಎನ್ನುತ್ತಾರೆ. ಎರಡೂ ಬಾಳಿವೆ; ಒಂದಕ್ಕೊಂದು ಹಗೆಯಲ್ಲ.

ಸರ್ಕಾರವೂ ಈ ಇಕ್ಕಟ್ಟಿಗೆ ಸಿಕ್ಕಿದ್ದುಂಟು. 1997ರವರೆಗೆ ಬಾಗಲಕೋಟೆಯು ಬಿಜಾಪುರ ಜಿಲ್ಲೆಗೆ ಸೇರಿತ್ತು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರು ತಿದ್ದಿದಾಗ ಬಿಜಾಪುರವು ವಿಜಯಪುರವಾಯಿತು. ಇಂಗ್ಲಿಷಿನಲ್ಲಿ ಹುಬ್ಳಿಯೆಂದು ಬರೆಯುತ್ತಿದ್ದ ಊರು ಹುಬ್ಬಳ್ಳಿಯಾಯಿತು. ಒಂದೆಡೆ ಗ್ರಾಂಥಿಕವಾದ ತುಂಬು ಹೆಸರಿಗೆ ಮನ್ನಣೆ, ಇನ್ನೊಂದೆಡೆ ಜನ ಆಡುವ ಹೆಸರಿಗೆ ಮನ್ನಣೆ, ಒಂದೇ ದಿನ!

ಈಗ ಕಾಯಿದೆಗೆ ಬರೋಣ. ನಮ್ಮ ದೇಶದಲ್ಲಿ ವಯಸ್ಕನು ಹೆಸರು ಬದಲಾಯಿಸಿಕೊಳ್ಳುವ ಸಾಮಾನ್ಯ ಮಾರ್ಗ ಮೂರು ಹೆಜ್ಜೆಯದು: ನೋಟರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ, ವೃತ್ತಪತ್ರಿಕೆಯಲ್ಲಿ ಪ್ರಕಟನೆ, ಆಮೇಲೆ ಗೆಜೆಟ್ಟಿನಲ್ಲಿ ಪ್ರಕಟನೆ. ಅಡ್ಡಹೆಸರನ್ನು ಆರಿಸಿಕೊಳ್ಳಬಾರದೆಂಬ ನಿರ್ಬಂಧವಿಲ್ಲ. 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯ ಪ್ರಮಾಣಪತ್ರಗಳ ವಿಚಾರದಲ್ಲಿ, ತನ್ನ ಹೆಸರಿನ ಮೇಲಣ ಹಕ್ಕು ಸಂವಿಧಾನದ 19ನೆಯ ಅನುಚ್ಛೇದವು ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದ ಅಂಗವೆಂದು ತೀರ್ಮಾನಿಸಿತು. ಹಕ್ಕು ಹೀಗೆ ವಿಶಾಲ. ದಾರಿ ಮಾತ್ರ ಉದ್ದ. ಶಾಲೆಯ ಅಂಕಪಟ್ಟಿ, ಬ್ಯಾಂಕಿನ ಪುಸ್ತಕ, ಪಹಣಿ, ಮತದಾರರ ಪಟ್ಟಿ ಇವೆಲ್ಲಕ್ಕೂ ಬೇರೆಬೇರೆ ಅರ್ಜಿ. ಆಧಾರದ ಚೀಟಿಯಲ್ಲಿ ಸಾಮಾನ್ಯವಾಗಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ತಿದ್ದಿಸಬಹುದು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ತಗ್ಗನ್ನು ನುಂಗಿ, ಜನ ನವನಗರಕ್ಕೆ ಏರಿಬಂದ ಸೀಮೆ ಅದು. ಮುಳುಗಿದ ಮನೆಯ ಪರಿಹಾರ ಸಲ್ಲುವುದು ಉತಾರದಲ್ಲಿ ಹೆಸರಿದ್ದವನಿಗೆ. ಓಣಿಯೆಲ್ಲ ಬಲ್ಲ ಹೆಸರು ಕಚೇರಿಯ ಕಿಟಕಿಯಲ್ಲಿ ಯಾರದೂ ಅಲ್ಲದ ಹೆಸರಾಗಬಹುದು. ಆದಕಾರಣ ಈ ಆಯ್ಕೆ ವಿನೋದವಲ್ಲ.

ಹೊರದೇಶಗಳ ನಡೆಯೂ ಒಂದೇ ತೆರನಾಗಿಲ್ಲ. ಅಮೆರಿಕದ ಅಧ್ಯಕ್ಷರಾದ ಜೇಮ್ಸ್ ಅರ್ಲ್ ಕಾರ್ಟರ್ 1977ರಲ್ಲಿ ಜಿಮ್ಮಿ ಕಾರ್ಟರ್ ಎಂದೇ ಪ್ರಮಾಣವಚನ ಸ್ವೀಕರಿಸಿದರು. ಲೋಕವೆಲ್ಲ ಬಿಲ್ ಎಂದು ಕರೆದ ಕ್ಲಿಂಟನ್ 1993ರಲ್ಲಿ ವಿಲಿಯಂ ಜೆಫರ್ಸನ್ ಕ್ಲಿಂಟನ್ ಎಂದು ಪೂರ್ತಿ ಹೆಸರಿನಿಂದ ಸ್ವೀಕರಿಸಿದರು. ಬ್ರೆಜಿಲಿನ ಕಾರ್ಮಿಕ ಮುಖಂಡ ಲೂಯಿಸ್ ಇನಾಸಿಯೊ ದ ಸಿಲ್ವ 1982ರಲ್ಲಿ ‘ಲೂಲ’ ಎಂಬ ತಮ್ಮ ಅಡ್ಡಹೆಸರನ್ನು ಕಾಯಿದೆಯ ಮೇರೆಗೆ ಹೆಸರಿನೊಳಗೆ ಸೇರಿಸಿಕೊಂಡರು. ಹಳೆಯದನ್ನು ಬಿಡದೆ ಹೊಸದನ್ನು ಕೂಡಿಸಿದರು. ನಮ್ಮಲ್ಲಿ ಚಲನಚಿತ್ರ ನಟ ಪುನೀತ್ ರಾಜ್‌ಕುಮಾರರಿಗೆ ಮೊದಲಿದ್ದ ಹೆಸರು ಲೋಹಿತ್. ಕರೆಯುವ ಹೆಸರು ಅಪ್ಪು. 2002ರಲ್ಲಿ ಆ ಹೆಸರೇ ಅವರ ಚಿತ್ರದ ಹೆಸರಾಯಿತು. 2021ರಲ್ಲಿ ಅವರು ತೀರಿಕೊಂಡಾಗ ಅವರನ್ನು ಎಂದೂ ಭೇಟಿಯಾಗದ ಜನ ಅಪ್ಪು ಎಂದು ಅತ್ತರು. ಪ್ರೀತಿಯ ದೃಷ್ಟಿಯಿಂದ ಅದು ದೊಡ್ಡ ಭಾಗ್ಯ. ಆದರೆ ಮನೆಯ ಹೆಸರು ಬೀದಿಗೆ ಬಂದಮೇಲೆ ಮನೆಯವರಿಗೆಂದು ಪ್ರತ್ಯೇಕವಾಗಿ ಉಳಿಯುವುದಿಲ್ಲ ಎಂಬುದನ್ನೂ ಅದು ತೋರಿಸುತ್ತದೆ.

ಹಾಗಾದರೆ ತೀರ್ಮಾನವೇನು? ಇಳಕಲ್ಲಿನ ನೇಕಾರರ ಮನೆಯ ಒಬ್ಬ ಹೆಣ್ಣುಮಗಳನ್ನು ಭಾವಿಸಿಕೊಳ್ಳೋಣ. ಅಜ್ಜಿಯ ಹೆಸರು ನೀಲಗಂಗವ್ವ, ಅದೇ ಆಕೆಗೂ ಬಂದಿದೆ, ಮನೆಯಲ್ಲಿ ತಂಗೆವ್ವ. ಆಕೆ ದೊಡ್ಡವಳಾಗಿ, ಸ್ವಂತ ಮಗ್ಗ ಹೂಡಿ, ತಂಗೆವ್ವನ ಸೀರೆಯೆಂದರೆ ಹುನಗುಂದದಿಂದ ಬಾಗಲಕೋಟೆಯವರೆಗೆ ಗಿರಾಕಿಗಳು ಹುಡುಕಿಕೊಂಡು ಬರುವಂತಾದರೆ, ಆ ಹೆಸರು ಆಗಲೇ ಮನೆಯ ಹೊಸಿಲು ದಾಟಿದೆ. ಆಕೆಯ ದುಡಿಮೆ ಅದರೊಳಗೆ ನೆಲೆಸಿದೆ. ಅದನ್ನು ದಾಖಲೆಗೆ ಏರಿಸುವುದು ಇರುವ ಸತ್ಯವನ್ನು ಬರೆದಂತೆ. ಹಾಗಲ್ಲದೆ ತಂಗೆವ್ವ ಎನ್ನುವವರು ತಾಯಿ, ಅಣ್ಣ, ಇಬ್ಬರು ಗೆಳತಿಯರು ಮಾತ್ರವೆಂದಾದರೆ, ಆ ಹೆಸರನ್ನು ಕಚೇರಿಗೆ ಒಪ್ಪಿಸುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ನಾಳೆ ಬ್ಯಾಂಕಿನ ಗುಮಾಸ್ತನೂ ಪೋಲೀಸಿನವನೂ ಅದೇ ಹೆಸರಿನಿಂದ ಕೂಗುವರು. ತಾಯಿಯ ಬಾಯಲ್ಲಿ ಆಗ ಅದು ಎಲ್ಲರೂ ಆಡುವ ಮಾತಾಗುತ್ತದೆ. ಇಂಥ ಹೆಸರು ದಾಖಲೆಯಿಲ್ಲದೆಯೇ ಭದ್ರ.

ಅವಮಾನಕ್ಕೆಂದು ಇಟ್ಟ ಹೆಸರಿನ ಮಾತು ಬೇರೆ. ತಂದೆಯನ್ನು ಯಲ್ಲ್ಯಾ ಎಂದು ಕೂಗಿಸಿಕೊಂಡದ್ದನ್ನು ಕಂಡ ಮಗನು ತನ್ನ ಹೊಸ ಹೆಸರಿಗೆ ತುಂಬು ರೂಪವನ್ನೇ ಬಯಸಿದರೆ, ಅದನ್ನು ಆಡಂಬರವೆಂದು ಹಳಿಯತಕ್ಕವರು ಆ ಕೂಗನ್ನು ಎಂದೂ ಕೇಳಿಸಿಕೊಂಡವರಲ್ಲ. ಮರ್ಯಾದೆ ಹುಟ್ಟಿನಿಂದಲೇ ದೊರೆತವರಿಗೆ ಸರಳವಾದ ಹೆಸರು ಸೊಗಸು. ಮರ್ಯಾದೆಯನ್ನು ಗಳಿಸಬೇಕಾದವರಿಗೆ ಪೂರ್ತಿ ಹೆಸರು ಒಂದು ಕವಚ. 2021ರ ತೀರ್ಪು ಕೂಡ, ಸಾಮಾನ್ಯವಾಗಿ ಹಳೆಯ ನಮೂದಿನ ಬಳಿ ಟಿಪ್ಪಣಿಯಿಟ್ಟು ಬದಲಾವಣೆ ಮಾಡಬೇಕೆನ್ನುವಾಗ, ಹಿಂದಿನ ಹೆಸರು ಮರೆಯಾಗಲೇಬೇಕಾದವರ ಸಂಗತಿಯನ್ನು ಪ್ರತ್ಯೇಕವಾಗಿ ನೋಡಿತು.

ಉಳಿದವರಿಗೆ ನಮ್ಮ ಹಿರಿಯರು ಒಂದು ಮಧ್ಯಮಾರ್ಗವನ್ನು ಬಿಟ್ಟುಹೋಗಿದ್ದಾರೆ. ಮುಂಬಯಿ ಆಧಿಪತ್ಯದ ಕಾಲದಿಂದ ಆ ಸೀಮೆಯ ಕಾಗದಪತ್ರಗಳಲ್ಲಿ ‘ಉರ್ಫ್’ ಎಂಬ ಶಬ್ದ ಓಡಾಡುತ್ತಿದೆ: ನೀಲಗಂಗವ್ವ ಉರ್ಫ್ ತಂಗೆವ್ವ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ರೇಷ್ಮೆಯ ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ‘ಉರ್ಫ್’ ಅಂಥ ಕೊಂಡಿ. ಹೊಸ ಹೆಸರನ್ನು ಯಾವುದಾದರೂ ಇಟ್ಟುಕೊಳ್ಳಲಿ, ಪ್ರಮಾಣಪತ್ರದಲ್ಲಿ ಹಳೆಯದನ್ನೂ ಕರೆಯುವುದನ್ನೂ ಇಬ್ಬರೂ ಒಬ್ಬರೇ ಎಂಬ ಮಾತಿನೊಡನೆ ಬರೆದಿಟ್ಟರೆ, ಮುಂದೆ ಮಕ್ಕಳು ಉತಾರ ಹಿಡಿದು ಅಲೆಯುವುದು ತಪ್ಪುತ್ತದೆ.

ರುಜು ಹಾಕುವುದಕ್ಕೆ ಮೊದಲು ಒಂದು ಸುಲಭ ಪರೀಕ್ಷೆ ಮಾಡಿ ನೋಡಬಹುದು. ಆಸ್ಪತ್ರೆಯ ಮೊಗಸಾಲೆಯಲ್ಲಿ, ನಾಲ್ಕಾರು ಅಪರಿಚಿತರ ನಡುವೆ, ನಿಮ್ಮ ಅರುವತ್ತನೆಯ ವಯಸ್ಸಿನಲ್ಲಿ, ಗುರುತಿಲ್ಲದ ಒಬ್ಬನು ಆ ಹೆಸರನ್ನು ಗಟ್ಟಿಯಾಗಿ ಕೂಗುತ್ತಾನೆಂದು ಭಾವಿಸಿಕೊಳ್ಳಿ. ಸಂಕೋಚವಿಲ್ಲದೆ ‘ಇದ್ದೇನೆ’ ಎಂದು ಎದ್ದು ನಿಲ್ಲಬಲ್ಲಿರಾದರೆ ಅದನ್ನು ಬರೆಯಿರಿ. ಆ ಕೂಗು ಮನೆಯವರ ಬಾಯಲ್ಲಿ ಮಾತ್ರ ಇರಲೆಂದು ಮನಸ್ಸು ಹಿಂಜರಿದರೆ, ಅದನ್ನು ಮನೆಯವರಿಗೇ ಬಿಟ್ಟು, ಬೇರೊಂದನ್ನು ಬರೆಯಿರಿ.