ಮೊಟ್ಟೆ ಡಿಬೇಟ್‌ನಲ್ಲಿ ನಾನು ಕೇಳದ ಪ್ರಶ್ನೆ



ಶಾಲೆ ಮಕ್ಕಳಿಗೆ ಮೊಟ್ಟೆ ಕೊಡಬೇಕಾ, ಬೇಡ್ವಾ? ಈ ಡಿಬೇಟನ್ನು ಇದೇ ಕುರ್ಚಿಯಲ್ಲಿ ಕೂತು ಎಷ್ಟು ಸಲ ನಡೆಸಿದ್ದೇನೋ ಲೆಕ್ಕ ಇಟ್ಟಿಲ್ಲ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಬಿಸಿಯೂಟದ ಜತೆ ಮೊಟ್ಟೆ ಶುರುವಾದಾಗ ನಡೆಸಿದೆ. ಕೆಲವು ಮಠಾಧೀಶರು ವಿರೋಧಿಸಿದಾಗ ನಡೆಸಿದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಅಂತ ಆದಾಗಲೂ ನಡೆಸಿದೆ. ಸ್ಕ್ರೀನ್ ಮೇಲೆ ನಾಲ್ಕು ಕಿಟಕಿ, ನಾಲ್ಕೂ ಕಡೆ ಕೂಗಾಟ. ಒಂದನೇ ಕ್ಲಾಸಿಗೆ ಬರುವ ಮಗುವಿಗೆ ಆಗಲೇ ಆರು ವರ್ಷ ಆಗಿರುತ್ತಲ್ಲ, ಅಲ್ಲಿವರೆಗೆ ಅದು ಏನು ತಿಂದಿತ್ತು? ಇದನ್ನು ಆ ನಾಲ್ವರಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳುವ ಹಾಗೆ ಮಾಡಿದ್ದು ಉತ್ತರ ಕನ್ನಡದ ಕರಾವಳಿ. ಕುಮಟಾ, ಹೊನ್ನಾವರ, ಭಟ್ಕಳ. ಹೆದ್ದಾರಿ 66ರಲ್ಲಿ ಅರವತ್ತು ಕಿಲೋಮೀಟರ್ ಆಸುಪಾಸಿನ ದಾರಿ. ನಮ್ಮ ಕ್ಯಾಮೆರಾಗಳು ಆ ಕಡೆ ಹೋಗೋದು ಬಂದ್ ಆದಾಗ, ಗುಡ್ಡ ಕುಸಿದಾಗ, ಇಲ್ಲಾ ಚುನಾವಣೆ ಬಂದಾಗ. ಈ ಸಲ ಬೇರೆ ಕೆಲಸಕ್ಕೆ ಹೋದವನು ಹೊನ್ನಾವರ ತಾಲೂಕಿನ ಒಂದು ಅಂಗನವಾಡಿ ಜಗಲಿಯಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡು ಅರ್ಧ ತಾಸು ಕೂತೆ. ಅಲ್ಲಿ ಟೀಚರ್ ಅನ್ನಲ್ಲ, ಅಕ್ಕೋರು ಅಂತಾರೆ. ಅಕ್ಕೋರು ತೂಕದ ಪುಸ್ತಕ ತೆಗೆದು ಒಂದು ಮಗುವಿನ ಗೆರೆ ತೋರಿಸಿದರು. ಆರು ತಿಂಗಳವರೆಗೆ ಚೆನ್ನಾಗಿ ಏರಿದ ಗೆರೆ, ಆಮೇಲೆ ಮಲಗಿಬಿಟ್ಟಿದೆ. "ಮೂರು ವರ್ಷ ಆದಮೇಲೆ ನಮ್ಮಲ್ಲಿ ಬಂದು ಉಣ್ತದೆ ಸರ್. ಅದಕ್ಕೂ ಮೊದಲು ಪ್ಯಾಕೆಟ್ ಮನೆಗೆ ಕೊಡುದು. ಮನೇಲಿ ನಾಲ್ಕು ಮಕ್ಕಳಿದ್ರೆ ಅದು ಒಂದು ಮಗುವಿನದು ಅಂತ ಉಳೀತದಾ?"

ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್. ಆ ಗೆರೆ ನೋಡಿದಾಗ ನನಗೆ ನೆನಪಾದದ್ದು ಕ್ಯೂರಿಂಗ್. ಮನೆ ಕಟ್ಟಿಸಿದವರಿಗೆಲ್ಲ ಗೊತ್ತು, ಸ್ಲ್ಯಾಬ್ ಹಾಕಿದ ಮೇಲೆ ಮೊದಲ ಕೆಲವು ವಾರ ನೀರು ನಿಲ್ಲಿಸಲೇಬೇಕು. ಆಗ ಒಣಗಲು ಬಿಟ್ಟು ಆರು ತಿಂಗಳಾದ ಮೇಲೆ ಟ್ಯಾಂಕರ್ ತರಿಸಿದರೆ ಸ್ಲ್ಯಾಬ್ ಒದ್ದೆಯಾಗುತ್ತೆ, ಗಟ್ಟಿಯಾಗಲ್ಲ.

ಮೆದುಳಿನದು ಹೆಚ್ಚುಕಡಿಮೆ ಇದೇ ಕಥೆ. ಎರಡು ವರ್ಷ ತುಂಬುವ ಹೊತ್ತಿಗೆ ಮಗುವಿನ ಮೆದುಳು ದೊಡ್ಡವರ ಮೆದುಳಿನ ಸುಮಾರು ಮುಕ್ಕಾಲು ಭಾಗ ಬೆಳೆದಿರುತ್ತದೆ. ನರತಂತುಗಳ ಮೇಲೆ ವೈರಿಗೆ ಇರುವ ಪ್ಲಾಸ್ಟಿಕ್ ಹೊದಿಕೆಯಂಥ ಒಂದು ಪದರ ಕೂರಬೇಕು. ಅದನ್ನು ಮಯಲಿನ್ ಅಂತಾರೆ. ಸಂದೇಶ ವೇಗವಾಗಿ ಓಡೋದು ಅದು ಸರಿಯಾಗಿ ಕೂತಿದ್ದರೆ. ಆ ಪದರ ಕಟ್ಟೋದಕ್ಕೂ, ಗಮನ, ಉತ್ಸಾಹ, ಮೂಡು ಇವನ್ನೆಲ್ಲ ನಡೆಸುವ ಡೋಪಮಿನ್ ತಯಾರಾಗೋದಕ್ಕೂ ಕಬ್ಬಿಣಾಂಶ ಬೇಕು. ತಾಯಿಯ ಹೊಟ್ಟೆಯಲ್ಲಿ ಕೂಡಿಟ್ಟುಕೊಂಡ ಕಬ್ಬಿಣ ಮಗುವಿಗೆ ಆರು ತಿಂಗಳ ತನಕ ಸಾಲುತ್ತದೆ. ತಾಯಿಗೇ ರಕ್ತಹೀನತೆ ಇದ್ದರೆ ಅಷ್ಟೂ ಇಲ್ಲ. ಆರು ತಿಂಗಳ ಮೇಲೆ ಊಟದಿಂದಲೇ ಬರಬೇಕು. ನಾನು ನೋಡಿದ ಗೆರೆ ಮಲಗಿದ್ದು ಸರಿಯಾಗಿ ಅಲ್ಲೇ.

2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಮ್ಮ ರಾಜ್ಯದ ಬಗ್ಗೆ ಏನು ಹೇಳಿದೆ ಗೊತ್ತಾ? ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 60.9 ಇತ್ತು. ಏರಿದೆ! ಐದು ವರ್ಷದೊಳಗಿನ ಶೇ 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಐಟಿ ರಾಜಧಾನಿ ಇರುವ ರಾಜ್ಯದ ಲೆಕ್ಕ ಇದು.

ಆಮೇಲೆ ಗುಳಿಗೆ ಕೊಟ್ಟರೆ ಆಗಲ್ವಾ? ಕೋಸ್ಟರಿಕಾ ದೇಶದಲ್ಲಿ ಬೆಟ್ಸಿ ಲೊಜಾಫ್ ಎಂಬ ಮಕ್ಕಳ ವೈದ್ಯೆ, ಒಂದರಿಂದ ಎರಡು ವರ್ಷದ ಮಕ್ಕಳ ಕಬ್ಬಿಣದ ಕೊರತೆಗೆ ಚಿಕಿತ್ಸೆ ಕೊಟ್ಟು, ಅವರನ್ನು 19 ವರ್ಷ ವಯಸ್ಸಿನವರೆಗೆ ಹಿಂಬಾಲಿಸಿದರು. ರಕ್ತ ಸರಿಹೋಗಿತ್ತು. ಆದರೆ ಕೊರತೆ ತೀವ್ರವಾಗಿದ್ದವರ ಬುದ್ಧಿ ಪರೀಕ್ಷೆಯ ಅಂಕ ಉಳಿದವರನ್ನು ಹಿಡಿಯಲೇ ಇಲ್ಲ. ಬಡ ಮನೆಗಳಲ್ಲಂತೂ ಮೊದಲು 10 ಅಂಕ ಇದ್ದ ಅಂತರ 19ಕ್ಕೆ 25 ಅಂಕ ಆಗಿತ್ತು. ಆತಂಕ, ಗಮನ ನಿಲ್ಲದಿರುವುದು ಇವೂ ಆ ಮಕ್ಕಳಲ್ಲಿ ಹೆಚ್ಚು. ಮಾರಿಷಸ್‌ನಲ್ಲಿ ಮೂರು ವರ್ಷಕ್ಕೆ ಅಪೌಷ್ಟಿಕತೆ ಕಂಡ ಮಕ್ಕಳನ್ನು 8, 11, 17ನೇ ವಯಸ್ಸಿಗೆ ನೋಡಿದರು. ಸಿಟ್ಟು, ಜಗಳ, ಹಟ ಉಳಿದವರಿಗಿಂತ ಜಾಸ್ತಿ. ನಾವು ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕಳಿಸಿ "ಇವನ ತಲೆಗೆ ಹತ್ತಲ್ಲ", "ಇವನು ಪುಂಡ" ಅಂತ ಹೆಸರಿಟ್ಟವರಲ್ಲಿ ಎಷ್ಟು ಜನರದು ಹಸಿವಿನ ಕಥೆಯೋ!

ದೂರ ಯಾಕೆ, ನಮ್ಮ ಮೈಸೂರಿಗೆ ಬನ್ನಿ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1934ರಿಂದಲೇ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದಾರೆ. ಅಲ್ಲೇ 1997–98ರಲ್ಲಿ ಗರ್ಭಿಣಿಯರ ರಕ್ತದ ಮಾದರಿ ತೆಗೆದಿಟ್ಟು, ಅವರ ಮಕ್ಕಳಿಗೆ 9–10 ವರ್ಷ ಆದಾಗ ಬುದ್ಧಿ ಪರೀಕ್ಷೆ ಮಾಡಿದರು. ಬಸುರಿಯಲ್ಲಿ ಯಾರ ರಕ್ತದಲ್ಲಿ ಫೋಲೇಟ್ ಹೆಚ್ಚಿತ್ತೋ ಅವರ ಮಕ್ಕಳ ಕಲಿಕೆ, ನೆನಪು, ಏಕಾಗ್ರತೆಯ ಅಂಕ ಸ್ವಲ್ಪ ಮೇಲಿತ್ತು. ಸ್ವಲ್ಪವೇ, ನಾನು ದೊಡ್ಡದು ಮಾಡಿ ಹೇಳಲ್ಲ. ಫೋಲೇಟ್ ಅಂದ್ರೆ ಔಷಧ ಅಂಗಡಿಯದ್ದೇ ಆಗಬೇಕಿಲ್ಲ. ಹರಿವೆ, ಬಸಳೆ, ಹೆಸರುಕಾಳಿನಲ್ಲಿದೆ.

ನನಗೆ ಹೊಟ್ಟೆ ಉರಿದದ್ದು ಇಲ್ಲೇ. ಈ ಮೂರು ತಾಲೂಕಿನಲ್ಲಿ ಇಲ್ಲದ್ದು ಏನಿದೆ? ಹಿತ್ತಲಲ್ಲಿ ಬಸಳೆ ಚಪ್ಪರ. ಅದಕ್ಕೆ ಶೆಟ್ಲಿ ಹಾಕಿದ ಸಾರು ಉಂಡವರಿಗೇ ಗೊತ್ತು. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದಾಗ ಹೆಂಗಸರು ಮಂಡಿಯುದ್ದ ಕೆಸರಲ್ಲಿ ಬಗ್ಗಿ ಹೆಕ್ಕುವ ಬೆಳಚು, ಕಬ್ಬಿಣ ಮತ್ತು ಬಿ12ರ ಖಜಾನೆ. ಬಂಗಡೆ, ತಾರ್ಲೆಯಲ್ಲಿ ಮೆದುಳಿಗೆ ಬೇಕಾದ ಒಮೆಗಾ-3 ಕೊಬ್ಬು. ಬೆಳಚು ಗೋವಾಕ್ಕೆ ಹೋಗುತ್ತೆ. ತಾರ್ಲೆಯ ಒಂದು ಪಾಲು ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಪುಡಿಯಾಗುತ್ತೆ, ಕೋಳಿಗೂ ಸಿಗಡಿಗೂ ಮೇವು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ರೇಟು ಏರುತ್ತೆ. ಬುಟ್ಟಿ ಹೊತ್ತು ಮಾರಿದ ಹೆಂಗಸು ಮನೆಗೆ ಬಂದು ಗಂಡ, ಮಕ್ಕಳು, ಅತ್ತೆ ಎಲ್ಲರೂ ಉಂಡಮೇಲೆ ತಾನು ಕೂರೋದು. ಆಗ ಪಾತ್ರೆಯಲ್ಲಿ ರಸ ಇರುತ್ತೆ, ಮೀನು ಇರಲ್ಲ. ಅವಳು ಬಸುರಿ ಆಗಿದ್ದರೂ ಅಷ್ಟೇ. ಬಾಣಂತಿ ಆದಮೇಲೆ ಪಥ್ಯ ಅಂತ ಇನ್ನೂ ಕಡಿಮೆ.

ದುಡ್ಡಿದ್ದ ಮನೆಯಲ್ಲಿ ಎಲ್ಲ ಸರಿ ಅಂತಲೂ ಅಲ್ಲ. ಎಂಟು ತಿಂಗಳ ಮಗುವಿಗೆ ಚಹಾದಲ್ಲಿ ಅದ್ದಿದ ಬಿಸ್ಕೆಟ್ ತಿನ್ನಿಸೋದನ್ನು ಬೆಂಗಳೂರಿನ ನನ್ನ ಅಪಾರ್ಟ್‌ಮೆಂಟಲ್ಲೇ ನೋಡಿದ್ದೇನೆ. ಗರ್ಭಿಣಿಯರಿಗೆ ಸರ್ಕಾರ 180 ದಿನ ಕಬ್ಬಿಣದ ಗುಳಿಗೆ ಉಚಿತವಾಗಿ ಕೊಡುತ್ತೆ. ನುಂಗಿ ಮೇಲಿಂದ ಚಾ ಕುಡಿದರೆ ಕಬ್ಬಿಣ ಮೈಗೆ ಹತ್ತೋದು ಕಡಿಮೆ. ಲಿಂಬೆ ಶರಬತ್ತು ಕುಡಿದರೆ ಹೆಚ್ಚು. ಇದನ್ನು ಕೂತು ಹೇಳುವವರು ಬೇಕು.

ಯೋಜನೆಗಳಿಲ್ಲ ಅನ್ನಂಗಿಲ್ಲ. ಐಸಿಡಿಎಸ್ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದಾಗ ನಮ್ಮ ಟಿ. ನರಸೀಪುರ ಮೊದಲ ತಂಡದಲ್ಲೇ ಇತ್ತು. 2017ರಲ್ಲಿ ಮಾತೃಪೂರ್ಣ ಬಂತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಊಟ, ಹಾಲು, ಮೊಟ್ಟೆ. ಕೊನೆಗೆ ಉಣ್ಣುವ ಹೆಂಗಸನ್ನು ತಟ್ಟೆಯ ಮುಂದೆ ಮೊದಲು ಕೂರಿಸುವ ಯೋಚನೆ ಅದು, ನನಗೆ ಬಹಳ ಇಷ್ಟ. ಆದರೆ ಜುಲೈ ಮಳೆಯಲ್ಲಿ, ಒಂಬತ್ತು ತಿಂಗಳ ಬಸುರಿ, ಗುಡ್ಡ ಇಳಿದು ಸಂಕ ದಾಟಿ ಊಟಕ್ಕೆ ಬರಬೇಕು ಅಂದ್ರೆ? ಕರಾವಳಿಗೆ ಬೇರೆ ದಾರಿ ಹುಡುಕಬೇಕು. ಬುತ್ತಿ ಅವಳ ಮನೆಗೆ ಹೋಗಲಿ, ಬೆಳಚು ಹೆಕ್ಕುವವರಿಂದಲೇ ಅಂಗನವಾಡಿ ಖರೀದಿಸಲಿ. ತಿನ್ನದವರಿಗೆ ಸೊಪ್ಪು, ಕಾಳು, ಹಾಲು.

ಇನ್ನೊಂದು ಮಾತು, ಕೈಚೆಲ್ಲಿದ ಅಪ್ಪ ಅಮ್ಮಂದಿರಿಗೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಆರಿಸಿದರು. ಕೆಲವರಿಗೆ ಪೌಷ್ಟಿಕ ಆಹಾರ. ಕೆಲವರ ಮನೆಗೆ ವಾರಕ್ಕೊಂದು ಗಂಟೆ ಆರೋಗ್ಯ ಕಾರ್ಯಕರ್ತೆ ಬಂದು, ಮಗುವಿನ ಜತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಅಂತ ತಾಯಿಗೆ ತೋರಿಸಿಕೊಡೋದು. ಎರಡು ವರ್ಷ ಅಷ್ಟೇ. ಇಪ್ಪತ್ತು ವರ್ಷ ಕಳೆದು ನೋಡಿದರೆ, ಆಟ ಮಾತು ಸಿಕ್ಕವರ ಸಂಪಾದನೆ ಶೇ 25ರಷ್ಟು ಹೆಚ್ಚು, ಹೊಡೆದಾಟ ಕಡಿಮೆ. ಆ ವಯಸ್ಸಿನಲ್ಲಿ ಬರೀ ಆಹಾರ ಸಿಕ್ಕವರಲ್ಲಿ ಲಾಭ ಉಳಿದಿರಲಿಲ್ಲ. ಮೊದಲ ಸಲ ಓದಿದಾಗ ನನ್ನ ಸ್ಲ್ಯಾಬ್ ಲೆಕ್ಕವೇ ತಲೆಕೆಳಗಾಯ್ತು. ಮಗು ಕಾಂಕ್ರೀಟ್ ಅಲ್ಲ ಅಂತ ಒಪ್ಪಿಕೊಂಡೆ. ಹಾಗಂತ ಊಟ ಬೇಡ ಅಂತ ಅಲ್ಲ. ಕುಂಠಿತವಾಗಿಬಿಟ್ಟ ಮೇಲೆ ಊಟ ಒಂದೇ ಸಾಲಲ್ಲ, ಮಡಿಲಲ್ಲಿ ಕೂರಿಸಿಕೊಂಡು ಮಾತಾಡುವವರೂ ಬೇಕು. ಹೆಕ್ಕೋದು, ಮಾರೋದು, ಅಡುಗೆ ಎಲ್ಲ ಮುಗಿಸಿದ ತಾಯಿಗೆ ಆ ಒಂದು ಗಂಟೆ ಎಲ್ಲಿಂದ ಬರಬೇಕು ಅನ್ನೋದನ್ನೂ ನಾವು ಮಾತಾಡಬೇಕಾಗುತ್ತೆ.

ಮುಂದಿನ ಸಲ ಮೊಟ್ಟೆ ಬಗ್ಗೆ ಡಿಬೇಟ್ ಆದಾಗ ಒಂದು ಕಿಟಕಿ ಹೊನ್ನಾವರದ ಆ ಅಕ್ಕೋರಿಗೆ ಅಂತ ತೀರ್ಮಾನಿಸಿದ್ದೇನೆ. ಫೋನ್ ಮಾಡಿ ಕೇಳಿದೆ, ಒಪ್ಪಿದ್ದಾರೆ. ಹನ್ನೊಂದರಿಂದ ಎರಡರ ಮಧ್ಯೆ ಮಾತ್ರ ಇಟ್ಟುಕೊಳ್ಳಬೇಡಿ, ಮಕ್ಕಳಿಗೆ ಬಡಿಸುವ ಹೊತ್ತು ಅಂದರು.